ನೂರು ವರ್ಷದ ಪಟದಲ್ಲಿ ಒಂದು ಜಾಗ

ಊರಿಗೆ ನೂರು ತುಂಬಿದ ದಿನ ಬೆಳಿಗ್ಗೆ ಏಳು ಗಂಟೆಗೆ ಪುರಭವನದ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದರು. ಏಳೂಕಾಲಿಗೆ ದರ್ಜಿಯ ನೆಮ್ಮದಿ ಹೋಯಿತು.

ಅಂದು ಮಧ್ಯಾಹ್ನ ಮನೆಗೊಬ್ಬರಂತೆ ಮುನ್ನೂರ ಹನ್ನೆರಡು ಜನ ಮೈದಾನದಲ್ಲಿ ಸೇರಿ ಪಟ ತೆಗೆಸಿಕೊಳ್ಳುವವರಿದ್ದರು. ಯಾರು ಎಲ್ಲಿ ನಿಲ್ಲಬೇಕು, ಯಾರು ಕೂರಬೇಕು ಎಂಬುದನ್ನು ಉತ್ಸವ ಸಮಿತಿ ಮೂರು ತಿಂಗಳು ಜಗಳವಾಡಿ ತೀರ್ಮಾನಿಸಿತ್ತು. ಪಟದ ಕೆಳಗೆ ಪ್ರತಿಯೊಬ್ಬರ ಹೆಸರು ಬರೆಸಿ ಪುರಭವನದ ಗೋಡೆಗೆ ಹಾಕುವುದು, ಮುಂದಿನ ನೂರು ವರ್ಷ ಅದನ್ನು ಯಾರೂ ಇಳಿಸಕೂಡದು ಎಂದು ಠರಾವಾಗಿತ್ತು. ಮನುಷ್ಯನ ಮುಖಕ್ಕೆ ನೂರು ವರ್ಷದ ಬಾಳಿಕೆ ದೊರೆಯುವುದು ಸಣ್ಣ ಮಾತಲ್ಲ. ತಾನು ಹೊಲಿದ ಯಾವ ಅಂಗಿಯೂ ಮೂರು ವರ್ಷ ದಾಟದ್ದನ್ನು ಕಂಡ ದರ್ಜಿಗೆ ಇದು ಇತರರಿಗಿಂತ ಚೆನ್ನಾಗಿ ತಿಳಿದಿತ್ತು.

ಪಟ್ಟಿಯಲ್ಲಿ ಅವನ ಜಾಗ ಎಡತುದಿ, ಕೊನೆಯ ಸಾಲು, ಅಂಚೆಯವನ ಹಿಂದೆ. ಅಂಚೆಯವನದು ಆರೂಕಾಲು ಅಡಿ ಎತ್ತರ; ಅವನ ಹಿಂದೆ ನಿಲ್ಲುವುದೂ ಮುಚ್ಚಿದ ಬಾಗಿಲ ಹಿಂದೆ ನಿಲ್ಲುವುದೂ ಒಂದೇ.

ಇಷ್ಟೇ ಆಗಿದ್ದರೆ ದರ್ಜಿ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಮುಂದಿನ ಸಾಲಿನ ನಟ್ಟನಡುವೆ, ಅಧ್ಯಕ್ಷರ ಬಲಮಗ್ಗುಲಲ್ಲಿ, ಕೈಯಿರುವ ಕುರ್ಚಿಯಲ್ಲಿ ಕೂರುವವನು ಪಕ್ಕದ ಮನೆಯ ಗಡಿಯಾರ ರಿಪೇರಿಯವನು! ಇಬ್ಬರ ಅಂಗಡಿಗಳ ನಡುವೆ ಇದ್ದದ್ದು ಒಂದು ತೆಳು ಹಲಗೆ. ಅದರಾಚೆಯಿಂದ ಇಪ್ಪತ್ತು ವರ್ಷ ಬಿಡದೆ ಬಂದ ಟಿಕ್ ಟಿಕ್ ಸದ್ದು, ತನ್ನ ಏಳಿಗೆಯಿಲ್ಲದ ದಿನಗಳನ್ನು ಯಾರೋ ಎಣಿಸುತ್ತಿರುವಂತೆ ದರ್ಜಿಗೆ ಕೇಳುತ್ತಿತ್ತು. ಎಷ್ಟೋ ಕಾಲದಿಂದ ನಿಂತುಹೋಗಿದ್ದ ಪುರಭವನದ ಗಡಿಯಾರವನ್ನು ಆ ಮಹಾನುಭಾವ ಕಳೆದ ವಾರ ನಡೆಯುವಂತೆ ಮಾಡಿದ್ದ. ಅದಕ್ಕೇ ಕುರ್ಚಿ.

"ಸಮಿತಿಯ ಹನ್ನೊಂದು ಜನಕ್ಕೂ ಕೋಟು ಹೊಲಿದವನು ನಾನು ಕಣೇ," ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಕುದಿದ. "ಅವನು ಒಂದು ಸ್ಪ್ರಿಂಗ್ ಬದಲಾಯಿಸಿದ. ಕುರ್ಚಿ ಅವನಿಗೆ, ಅಂಚೆಯವನ ಬೆನ್ನು ನನಗೆ!"

"ಆ ಬೆನ್ನಿನ ಮೇಲಿರೋ ಅಂಗಿ ನೀವೇ ಹೊಲಿದಿದ್ದು ತಾನೆ? ಹೊಲಿಗೆ ನೋಡ್ಕೊಂಡು ನಿಂತಿರಿ, ಹೊತ್ತು ಹೋಗುತ್ತೆ," ಎಂದಳು ಹೆಂಡತಿ. ಅಷ್ಟಕ್ಕೇ ಬಿಡದೆ ನಿಟ್ಟುಸಿರೊಂದನ್ನು ಸೇರಿಸಿದಳು. "ಪಕ್ಕದ ಮನೆಯವಳು ಪುಣ್ಯ ಮಾಡಿದ್ಲು ಬಿಡಿ."

ಉರಿಯುವ ಒಲೆಗೆ ಇದಕ್ಕಿಂತ ಒಣಗಿದ ಸೌದೆ ಬೇಕಿರಲಿಲ್ಲ.

ಅಂಗಡಿ ತೆರೆಯುವ ಹೊತ್ತಿಗೆ ಬೇರೆ ಊರಿನಿಂದ ಬಂದ ಫೋಟೋದವನು ಬಾಗಿಲಲ್ಲಿ ನಿಂತಿದ್ದ. ಕ್ಯಾಮೆರಾಕ್ಕೆ ಹೊದಿಸುವ ಕಪ್ಪು ಬಟ್ಟೆ ದಾರಿಯಲ್ಲಿ ಹರಿದಿತ್ತು.

"ಸ್ವಲ್ಪ ಬೆಳಕು ನುಗ್ಗಿದ್ರೂ ಕೆಲಸ ಕೆಟ್ಟುಹೋಗುತ್ತೆ ಯಜಮಾನ್ರೇ, ಎರಡು ಹೊಲಿಗೆ ಹಾಕಿ," ಎಂದು ಬೆಂಚಿನ ಮೇಲೆ ಕುಳಿತ. "ಇದು ನಮ್ಮಪ್ಪನ ಕಾಲದ ಕ್ಯಾಮೆರಾ. ಎಲ್ಲರನ್ನೂ ಒಂದೇ ಸಲಕ್ಕೆ ನೋಡಲ್ಲ. ಎಡಗಡೆಯಿಂದ ಬಲಗಡೆಗೆ ಕತ್ತು ತಿರುಗಿಸ್ತಾ, ಸೊಸೆಯ ಅಡುಗೆಮನೆಗೆ ಬಂದ ಅತ್ತೆ ಥರ, ಒಂದೊಂದೇ ನೋಡ್ಕೊಂಡು ಹೋಗುತ್ತೆ. ಆ ತುದಿ ಮುಟ್ಟೋಕೆ ಒಂದು ನಿಮಿಷ ಬೇಕು."

"ಅಷ್ಟು ಹೊತ್ತೂ ಅಲ್ಲಾಡಬಾರದಾ?"

"ಉಸಿರು ಬೇಕಾದ್ರೆ ಬಿಡಬಹುದು. ಅಪ್ಪನ ಕಾಲದಲ್ಲಿ ಒಬ್ಬ ಪುಂಡ ಎಡಗಡೆ ನಿಂತಿದ್ದವನು, ಕ್ಯಾಮೆರಾ ಮುಂದಕ್ಕೆ ಹೋದ ತಕ್ಷಣ ಹಿಂದಿನಿಂದ ಓಡಿ ಬಲಗಡೆಗೂ ಹೋಗಿ ನಿಂತ. ಒಂದೇ ಪಟದಲ್ಲಿ ಎರಡು ಸಲ! ಅವತ್ತಿಂದ ನಾನು ಅಂಥವರಿಗೇ ಅಂತ ಒಂದು ಕೋಲನ್ನ ಯಾವಾಗಲೂ ಕೈಲಿ ಇಟ್ಕೊಂಡಿರ್ತೀನಿ."

ಸೂಜಿ ದರ್ಜಿಯ ಬೆರಳಿಗೆ ಚುಚ್ಚಿತು. ಅವನಿಗೆ ನೋವೇ ಆಗಲಿಲ್ಲ.

"ಬಲತುದೀಲಿ ಯಾರಿರ್ತಾರೆ?" ಎಂದು ದಾರ ಕಚ್ಚುತ್ತ ಕೇಳಿದ, ಯಾವ ಊರಿನ ವಿಚಾರವೋ ಎಂಬಂತೆ.

"ವಯಸ್ಸಾದವರು. ಬೆಂಚಿನ ಮೇಲೆ ಕೂತಿರ್ತಾರೆ. ಹಿಂದೆ ಬರೀ ಬಯಲು."

ಫೋಟೋದವನು ಹೋದ ಮೇಲೂ ದರ್ಜಿಯ ಕಾಲು ಹೊಲಿಗೆಯಂತ್ರವನ್ನು ಬಟ್ಟೆಯಿಲ್ಲದೆ ತುಳಿಯುತ್ತಲೇ ಇತ್ತು. ಗಡಿಯಾರದವನು ಒಂದು ಸಲ. ತಾನು ಎರಡು ಸಲ! ಅದೂ ಬಲತುದಿಯಲ್ಲಿ, ಕೂತ ಮುದುಕರ ತಲೆಗಳ ಮೇಲೆ, ಬೆಟ್ಟದ ಸಾಲಿನ ಹಿಂದಿನಿಂದ ಮೂಡಿದ ಸೂರ್ಯನಂತೆ. ನೂರು ವರ್ಷದ ಆಚೆ, ಇನ್ನೂ ಹುಟ್ಟದ ಯಾವುದೋ ಕಣ್ಣು ಆ ಪಟದ ಮುಂದೆ ನಿಂತು "ಯಾರಿವನು?" ಎಂದು ಕೇಳೀತು. ಅದು ಕುರ್ಚಿಯಲ್ಲಿ ಕುಳಿತವನನ್ನು ಕುರಿತು ಕೇಳಿದ ಪ್ರಶ್ನೆಯಾಗಿರುವುದಿಲ್ಲ.

ಅಳತೆಯಿಲ್ಲದೆ ಕತ್ತರಿ ಹಾಕುವ ಜಾತಿಯಲ್ಲ ದರ್ಜಿ. ಮೈದಾನದ ಅಗಲವನ್ನು ಟೇಪಿನಿಂದ ಅಳೆದು ಬಂದು, ಅಷ್ಟೇ ದೂರವನ್ನು ಮನೆಯ ಹಿಂದಿನ ಓಣಿಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಬಗ್ಗಿಕೊಂಡು ಓಡಿ ಅಭ್ಯಾಸ ಮಾಡಿದ. ಆರನೆಯ ಓಟ ಮುಗಿಸಿ ಹೊಟ್ಟೆ ಹಿಡಿದುಕೊಂಡು ಏದುಸಿರು ಬಿಡುವಾಗ ಎದುರುಮನೆಯ ಕಂಪೌಂಡರ್ ಕಿಟಕಿಯಿಂದ ಕೂಗಿದ.

"ಬೆಳಿಗ್ಗೆಯಿಂದ ನೋಡ್ತಾ ಇದ್ದೀನಿ, ಬಗ್ಗಿಕೊಂಡು ಓಡೋದು, ಬರೋದು. ಹೊಟ್ಟೆ ಕೆಟ್ಟಿದೆಯಾ?"

ನಿಜ ಹೇಳುವಂತಿರಲಿಲ್ಲ. "ಹೌದು," ಎಂದ ದರ್ಜಿ.

ಈ ಒಂದು ಮಾತು ಓಣಿಯನ್ನು ದಾಟಲು ದರ್ಜಿಗಿಂತ ಕಡಿಮೆ ಹೊತ್ತು ತೆಗೆದುಕೊಂಡಿತು. ಕಂಪೌಂಡರ್ ಎರಡು ಮಾತ್ರೆ ತಂದು, ಎದುರಿಗೇ ನಿಂತು ನುಂಗಿಸಿದ. ಹಿಂದಿನ ಬೀದಿಯ ಅಜ್ಜಿಯೊಬ್ಬಳು ಬಂದು, ತನ್ನ ತಮ್ಮ ಹೀಗೇ ಓಡಿ ಓಡಿ ಒಂದು ದಿನ ವಾಪಸು ಬರಲೇ ಇಲ್ಲವೆಂಬ ಸಮಾಧಾನದ ಮಾತು ಹೇಳಿಹೋದಳು. ಹನ್ನೆರಡು ಗಂಟೆಗೆ ಗಡಿಯಾರದವನೇ ಬಂದ, ಕೈಯಲ್ಲಿ ಉಪ್ಪು ಸಕ್ಕರೆ ಬೆರೆಸಿದ ನೀರಿನ ಲೋಟ.

"ನಾನೇ ಕಲಸಿದ್ದು, ಕುಡಿದುಬಿಡಿ. ಹತ್ತು ನಿಮಿಷಕ್ಕೊಂದು ಗುಟುಕು," ಎಂದ. ಆ ಲೋಟವೂ ತನ್ನ ಮನೆಯ ಲೋಟಗಳಿಗಿಂತ ಹೆಚ್ಚು ಹೊಳೆಯುತ್ತಿದ್ದುದು ದರ್ಜಿಯ ಕಣ್ಣಿಗೆ ಬಿತ್ತು. "ಇನ್ನೊಂದು ಮಾತು. ಬಿಸಿಲಲ್ಲಿ ನಿಂತ್ರೆ ನಿಮಗೆ ಸುಸ್ತಾಗುತ್ತೆ. ನನ್ನ ಕುರ್ಚೀಲಿ ನೀವು ಕೂತ್ಕೊಳ್ಳಿ. ನಾನು ಅಂಚೆಯಣ್ಣನ ಹಿಂದೆ ನಿಲ್ತೀನಿ. ಅಧ್ಯಕ್ಷರಿಗೆ ನಾನು ಹೇಳ್ತೀನಿ."

ಒಂದು ಕ್ಷಣ ದರ್ಜಿಯ ಬಾಯಿ ತೆರೆದುಕೊಂಡಿತು. ಬೆಳಗಿನಿಂದ ಅವನು ಬಯಸಿದ್ದು ಅದೇ ಕುರ್ಚಿಯಲ್ಲವೆ? ಆದರೆ ಅದು ಗಡಿಯಾರದವನು ದಾನ ಕೊಟ್ಟ ಕುರ್ಚಿಯಾಗುತ್ತದೆ. ಸಾಯುವತನಕ ಅವನ ದೊಡ್ಡತನದ ಮೇಲೆ ಕೂತಿರಬೇಕಾಗುತ್ತದೆ.

"ನಿಮ್ಮ ಕುರ್ಚಿ ನಿಮಗೇ ಇರಲಿ," ಎಂದ. "ನನ್ನ ಕಾಲು ಇನ್ನೂ ಗಟ್ಟಿಯಾಗಿದೆ."

"ಎಂಥ ಸ್ವಾಭಿಮಾನ!" ಎಂದು ಇನ್ನೂ ಅಲ್ಲೇ ನಿಂತಿದ್ದ ಕಂಪೌಂಡರ್ ತಲೆದೂಗಿದ.

ಮೂರು ಗಂಟೆಗೆ ಮೈದಾನದಲ್ಲಿ ಊರು ಬಿಲ್ಲಿನಂತೆ ಬಾಗಿ ನಿಂತಿತು. ಫೋಟೋದವನು ಶಿಳ್ಳೆ ಹಾಕಿದ. ಕ್ಯಾಮೆರಾ ಗುರ್ ಎನ್ನುತ್ತ ಕತ್ತು ತಿರುಗಿಸಲಾರಂಭಿಸಿತು. ದರ್ಜಿ ಅಂಚೆಯವನ ಭುಜದ ಪಕ್ಕದಿಂದ ಒಂದು ಕಿವಿ, ಅರ್ಧ ಮೀಸೆ ಹೊರಗೆ ಚಾಚಿದ. ಮನಸ್ಸಿನಲ್ಲೇ ಐದು ಎಣಿಸಿ, ಬಗ್ಗಿ, ಓಟ ಕಿತ್ತ.

ಅವನು ಅಳೆಯದೆ ಬಿಟ್ಟದ್ದು ಒಂದೇ: ಬ್ಯಾಂಡಿನವರು ತಮ್ಮ ಸಾಮಾನುಗಳನ್ನು ಹಿಂದೆ ಎಲ್ಲಿ ಇಟ್ಟಿದ್ದಾರೆಂಬುದು. ಅರ್ಧ ದಾರಿಯಲ್ಲಿ ಅವನ ಬಲಗಾಲು ಡ್ರಮ್ಮೊಂದರ ಚರ್ಮವನ್ನು ಹರಿದು ಒಳಗೆ ಇಳಿಯಿತು. ಢಂ ಎಂಬ ಸದ್ದಿಗೆ ಮರದ ಹಕ್ಕಿಗಳು ಹಾರಿಹೋದವು.

"ಅಲ್ಲಾಡಬೇಡಿ!" ಎಂದು ಫೋಟೋದವನು ಕಪ್ಪು ಬಟ್ಟೆಯೊಳಗಿಂದ ಅರಚಿದ.

"ಅಯ್ಯೋ, ದರ್ಜಿ ಬಿದ್ದ!" ಎಂದ ಹಿಂದಿನ ಸಾಲಿನ ಕಂಪೌಂಡರ್, ತುಟಿ ಅಲ್ಲಾಡಿಸದೆ. "ಮೈಯಲ್ಲಿ ನೀರೇ ಇಲ್ಲ ಅವನಿಗೆ!"

ಬಿದ್ದ ದರ್ಜಿ ಅಷ್ಟರಲ್ಲಿ ಎದ್ದಿದ್ದ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಡ್ರಮ್ಮು ಹಾಕಿಕೊಂಡು, ಕಾಲಿಗೆ ಕೊರಡು ಕಟ್ಟಿದ ಕುದುರೆಯಂತೆ ಕುಪ್ಪಳಿಸುತ್ತ ಬಲತುದಿ ಮುಟ್ಟಿದ. ಅಲ್ಲಿ ಕೂತ ಮುದುಕರಿಗೆ ಕಿವಿ ಮಂದ, ಒಬ್ಬರೂ ತಿರುಗಲಿಲ್ಲ. ಡ್ರಮ್ಮನ್ನು ಬೆಂಚಿನ ಹಿಂದೆ ಮರೆಮಾಡಿ, ಕೋಟು ಎಳೆದುಕೊಂಡು ನೆಟ್ಟಗಾಗುವುದಕ್ಕೂ ಕ್ಯಾಮೆರಾದ ಕಣ್ಣು ಅವನ ಮೇಲೆ ಬೀಳುವುದಕ್ಕೂ ಸರಿಹೋಯಿತು. ಆಗ ಅವನು ನಕ್ಕ. ಇಪ್ಪತ್ತು ವರ್ಷಗಳಲ್ಲಿ ಆ ಬೀದಿಯ ಯಾರೂ ಅವನ ಮುಖದ ಮೇಲೆ ಕಾಣದಿದ್ದ, ಮುಚ್ಚಿದ ಮನೆಯ ಎಲ್ಲ ಕಿಟಕಿಗಳನ್ನೂ ಒಮ್ಮೆಲೇ ತೆರೆದಂಥ ನಗು.

ಸಂಜೆ ಆರಕ್ಕೆ ಪಟವನ್ನು ಪುರಭವನದ ಗೋಡೆಗೆ ಏರಿಸಿದರು. ದರ್ಜಿ ಜನರ ನಡುವೆ ನುಗ್ಗಿ ಎಡತುದಿ ನೋಡಿದ: ಕಿವಿ, ಅರ್ಧ ಮೀಸೆ. ಬಲತುದಿ ನೋಡಿದ: ಸೂರ್ಯೋದಯ. ನಡುವೆ ನೋಡಿದ: ಅಧ್ಯಕ್ಷರ ಬಲಮಗ್ಗುಲಿನ ಕುರ್ಚಿ ಖಾಲಿ! ಪಕ್ಕದ ಮನೆಯವನು ಬಿದ್ದನೆಂದು ಕೇಳಿದ್ದೇ ತಡ ಗಡಿಯಾರದವನು ನೀರಿನ ಹೂಜಿ ಹಿಡಿದು ಹಿಂದಕ್ಕೆ ಓಡಿದ್ದ. ಅವನು ಡ್ರಮ್ಮುಗಳ ನಡುವೆ ದರ್ಜಿಯನ್ನು ಹುಡುಕುತ್ತಿದ್ದಾಗ ಕ್ಯಾಮೆರಾ ಕುರ್ಚಿಯನ್ನು ದಾಟಿಹೋಗಿತ್ತು. ತಾನು ಎರಡು, ಅವನು ಸೊನ್ನೆ! ಇಷ್ಟು ಸಂತೋಷವನ್ನು ತಡೆಯಲು ಕೋಟಿನ ಗುಂಡಿಗಳು ಸಾಲವು ಎನಿಸಿತು ದರ್ಜಿಗೆ.

ಅಷ್ಟರಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

"ನಾವು ಹತ್ತು ಜನ ಮುಂದೆ ಕೂತ್ವಿ. ನೆರೆಯವನು ಬಿದ್ದ ಅಂದಾಗ ಎದ್ದವರು ಒಬ್ಬರೇ. ನೂರು ವರ್ಷ ಆದ್ಮೇಲೆ ಈ ಪಟ ನೋಡೋರು ಕೂತಿರೋ ನಮ್ಮನ್ನ ಯಾಕೆ ಕೇಳ್ತಾರೆ ಸ್ವಾಮಿ? ಈ ಖಾಲಿ ಕುರ್ಚಿ ಯಾರದು ಅಂತ ಕೇಳ್ತಾರೆ!"

ಚಪ್ಪಾಳೆಗೆ ಕಿಟಕಿಯ ಗಾಜು ನಡುಗಿತು. ಅಂಚೆಯವನು ಕಣ್ಣು ಒರೆಸಿಕೊಂಡ. ದರ್ಜಿ ಗೋಡೆಯ ಕಡೆಗೆ ತಿರುಗಿ ತನ್ನ ಬಲತುದಿಯ ಮುಖದಲ್ಲಿ ಸಮಾಧಾನ ಹುಡುಕಿದ. ಅದರ ಕೆಳಗೆ ದುಂಡು ಅಕ್ಷರದಲ್ಲಿ ಗಡಿಯಾರದವನ ಹೆಸರು ಬರೆದಿತ್ತು.

"ಇದೇನ್ರೀ ಇದು?" ಎಂದು ಹೆಸರು ಬರೆಯಲು ಪರವೂರಿನಿಂದ ಬಂದಿದ್ದ ಬರಹಗಾರನ ತೋಳು ಹಿಡಿದ.

"ಪಟ್ಟೀಲಿ ಮುನ್ನೂರ ಹನ್ನೆರಡು ಹೆಸರು, ಪಟದಲ್ಲಿ ಮುನ್ನೂರ ಹನ್ನೆರಡು ತಲೆ. ಎರಡು ಸಲ ಎಣಿಸಿದೀನಿ," ಎಂದ ಬರಹಗಾರ. "ಕೊನೇಲಿ ಒಂದು ಹೆಸರು ಉಳೀತು, ಒಂದು ಮುಖ ಉಳೀತು. ಕುರ್ಚಿ ಬಿಟ್ಟು ಎದ್ದುಹೋದವರು ಅಲ್ಲಿ ನಿಂತಿದಾರೆ ಅಂತ ತಿಳ್ಕೊಂಡು ಬರೆದೆ. ಯಾಕೆ, ಅದು ಬೇರೆ ಯಾರಾದ್ರೂನಾ?"

ದರ್ಜಿ ಬಾಯಿ ತೆರೆದ. ಎಡಗಡೆ ಬ್ಯಾಂಡಿನ ಮೇಸ್ತ್ರಿ ಹರಿದ ಡ್ರಮ್ಮು ಹೊತ್ತು ಒಬ್ಬೊಬ್ಬರ ಕಾಲನ್ನೂ ಪರೀಕ್ಷಿಸುತ್ತ ಬರುತ್ತಿದ್ದ. ಬಲಗಡೆ ಫೋಟೋದವನು ಪಟವನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಕೈಯಲ್ಲಿ ಕೋಲು.

"ಇಲ್ಲ," ಎಂದ ದರ್ಜಿ. "ಅವರೇ."

ಪಟದ ಮುಂದೆ ನಿಂತ ಜನರೆಲ್ಲ ತಂತಮ್ಮ ಮುಖವನ್ನೇ ಹುಡುಕುತ್ತಿದ್ದುದರಿಂದ ಆ ಮುಖ ಯಾರದೆಂದು ಯಾರೂ ಕೇಳಲಿಲ್ಲ. ಹಿಂದಿನಿಂದ ಹೆಂಡತಿ ಬಂದಳು. ಕುತ್ತಿಗೆ ಚಾಚಿ ಹೆಸರುಗಳನ್ನು ಓದುತ್ತ ಹೋದವಳು ಬಲತುದಿಯಲ್ಲಿ ನಿಂತುಬಿಟ್ಟಳು.

"ನೋಡಿ, ಪಕ್ಕದ ಮನೆಯವರು ಎಷ್ಟು ಲಕ್ಷಣವಾಗಿ ನಗ್ತಿದಾರೆ!" ಎಂದಳು. "ಹೀಗೆ ಒಂದು ದಿನ, ಒಂದೇ ಒಂದು ದಿನ, ನೀವು ನಕ್ಕಿದ್ದಿದ್ರೆ!"

ದರ್ಜಿ ಗೋಡೆಯ ಮೇಲಿನ ಆ ಮುಖವನ್ನು ನೋಡಿದ. ಹಾಗೆ ನಗುತ್ತಿದ್ದವನ ಮೇಲೆ ಅವನಿಗೆ ತಡೆಯಲಾರದಷ್ಟು ಹೊಟ್ಟೆಕಿಚ್ಚಾಯಿತು.