ಕ್ಯಾಮೆರಾ ಮುಂದೆ ಹೆಲ್ಮೆಟ್ ತೆಗೆದವನು

ಹುಣಸೂರಿನ ರಸ್ತೆಗೆ ಗಾಡಿ ನಂಬರ್ ಓದೋ ಕ್ಯಾಮೆರಾ ಹಾಕಿದಾಗಿನಿಂದ ನಮ್ಮ ಠಾಣೆಯಲ್ಲಿ ಏನಾದರೊಂದು ನಡೆಯದೆ ದಿನ ಮುಗಿಯಲ್ಲ. ನಾನು ಹೆಡ್ ಕಾನ್‌ಸ್ಟೆಬಲ್. ಮಂಡಿ ಕೈಕೊಟ್ಟ ಮೇಲೆ ನನ್ನನ್ನು ಬೀಟ್‌ನಿಂದ ತೆಗೆದು ಕ್ಯಾಮೆರಾ ರೂಮಿನಲ್ಲಿ ಕೂರಿಸಿದರು. ಪಿರಿಯಾಪಟ್ಟಣದ ಕಡೆಯಿಂದ ಊರೊಳಕ್ಕೆ ಬರೋ, ಆ ಕಡೆಗೆ ಹೋಗೋ ಪ್ರತಿ ಗಾಡಿಯ ನಂಬರು, ಫೋಟೋ, ವಿಡಿಯೋ, ಟೈಮು ನನ್ನ ಮುಂದೆ ಬೀಳುತ್ತೆ. ಹೆಲ್ಮೆಟ್ ಇಲ್ಲ ಅಂತ ಯಂತ್ರ ಹೇಳಿದರೆ ನಾನು ಫೋಟೋ ನೋಡಿ 'ಹೌದು' ಅಂತ ಒತ್ತಬೇಕು. ಒತ್ತಿದರೆ ಮಾಲೀಕನ ಮನೆಗೆ ಫೋಟೋ ಸಮೇತ ನೋಟಿಸು. ನೆರಳು, ಫ್ಯಾನು, ಕೂತಲ್ಲೇ ಕೆಲಸ. ಇದಕ್ಕಿಂತ ಸುಖ ಇಲ್ಲ ಅಂದುಕೊಂಡಿದ್ದೆ.

೧. ಎತ್ತಿಗೋ, ನನಗೋ

ಮೊದಲನೇ ತಿಂಗಳು. ಹತ್ತಿರದ ಹಳ್ಳಿಯ ರೈತನೊಬ್ಬ ನೋಟಿಸು ಹಿಡಿದು ಬಂದ. ಅವನ ಮೊಪೆಡ್ಡು ಹೆಲ್ಮೆಟ್ ಇಲ್ಲದೆ ಓಡಾಡಿದೆ ಅಂತ ಅದರಲ್ಲಿತ್ತು. ಆ ಮೊಪೆಡ್ಡನ್ನು ಗುಜರಿಗೆ ಹಾಕಿ ನಾಲ್ಕು ವರ್ಷ ಆಯ್ತು ಅಂದ. ನನಗೆ ರೇಗಿತು. ಯಂತ್ರ ಸುಳ್ಳು ಹೇಳುತ್ತೇನ್ರೀ ಅಂತ ದಬಾಯಿಸಿ, ನೋಟಿಸು ಕಿತ್ತುಕೊಂಡು ಅದರಲ್ಲಿದ್ದ ಫೋಟೋ ನೋಡಿದೆ.

ಫೋಟೋದಲ್ಲಿ ಎತ್ತಿನಗಾಡಿ. ಹಿಂದಿನ ಹಲಗೆಗೆ ಹಳೇ ನಂಬರ್ ಪ್ಲೇಟು ಹೊಡೆದಿದೆ. ಲಾರಿಯವರ ಲೈಟಿಗೆ ಮಿಣಮಿಣ ಅನ್ನಲಿ ಅಂತ ಅವನೇ ಮೊಳೆ ಹೊಡೆದಿದ್ದನಂತೆ. ನಾನು ಫೋಟೋ ನೋಡದೆ 'ಹೌದು' ಒತ್ತಿದ್ದೆ. ಪೆಚ್ಚಾಗಿ ಕೂತೆ. ಆದರೆ ಆತ ಕೈ ಮುಗಿದು ಕೇಳಿದ್ದು ಇಷ್ಟೇ:

"ತಪ್ಪಾಯ್ತು ಏಡ್ ಸಾಹೇಬ್ರೇ. ನಾಳೀಕೇ ಎಲ್ಮೆಟ್ ತಕ್ಕತೀನಿ. ಎತ್ತಿಗೆ ಹಾಕ್ಬೇಕೋ, ನನಗೆ ಹಾಕ್ಬೇಕೋ ಅದೊಂದು ಹೇಳ್ಬುಡಿ."

೨. ಅಳಿಸಿಹೋಗದ ಲೆಕ್ಕ

ನಮಗೊಂದು ನಿಯಮ ಇದೆ. ಕೇಸಿಲ್ಲದೆ, ಮೇಲಿನವರ ಆರ್ಡರಿಲ್ಲದೆ ಯಾರ ಗಾಡಿ ಎಲ್ಲಿಗೆ ಹೋಯ್ತು ಅಂತ ನೋಡಬಾರದು, ಯಾರಿಗೂ ಹೇಳಬಾರದು. ಇಂತಿಷ್ಟು ದಿನ ಆದಮೇಲೆ ಫೋಟೋಗಳು ತಾವಾಗೇ ಅಳಿಸಿಹೋಗುತ್ತವೆ. ಕೇಸಾದವು ಮಾತ್ರ ಉಳಿಯುತ್ತವೆ. ಇನ್‌ಸ್ಪೆಕ್ಟರು ಇದನ್ನೆಲ್ಲ ಗೋಡೆಗೆ ಅಂಟಿಸಿದ್ದಾರೆ.

ಗುರುಪುರದ ಕಡೆಯ ಒಬ್ಬರು ನಿವೃತ್ತ ಮೇಷ್ಟ್ರು ಬಂದರು. ಪಿರಿಯಾಪಟ್ಟಣದಲ್ಲಿರೋ ಅಳಿಯ ಪುರುಸೊತ್ತಿಲ್ಲ ಅಂತ ಮಾವನ ಮನೆಗೆ ಬರೋದೇ ಇಲ್ಲವಂತೆ. ಆದರೆ ಅವನ ಕಾರು ಹುಣಸೂರಿಗೆ ಬರುತ್ತಾ ಅಂತ ನೋಡಿ ಹೇಳಬೇಕಂತೆ. ಅವರವರ ಗಾಡಿ, ಅವರವರ ದಾರಿ, ನಾವು ಇಣುಕಬಾರದು ಮೇಷ್ಟ್ರೇ ಅಂತ ನಾನು ದೊಡ್ಡ ಉಪದೇಶ ಮಾಡಿದೆ. ಅವರು ಎದ್ದು ಹೋದರು.

ಮಾರನೇ ದಿನ ಬಂದು ಎಲ್ಲಾ ಒಪ್ಪಿಸಿದರು. ಅಳಿಯ ವಾರಕ್ಕೆ ಎರಡು ಸಲ ಬರುತ್ತಾನೆ, ಎರಡು ಬೋಂಡಾ ತಿನ್ನುತ್ತಾನೆ, ಮೂರು ಸಲ ಚಟ್ನಿ ಹಾಕಿಸಿಕೊಳ್ಳುತ್ತಾನೆ. ಹೇಳಿದ್ದು ಕ್ಯಾಮೆರಾ ಕಂಬದ ಬುಡದಲ್ಲಿ ಟೀ ಅಂಗಡಿ ಇಟ್ಟಿರೋ ಹೆಂಗಸು. ಊರಿಗೆಲ್ಲಾ ಟೀ ಅಕ್ಕ. ನಮ್ಮ ಯಂತ್ರದ ಲೆಕ್ಕ ತಾನಾಗಿ ಅಳಿಸಿಹೋಗುತ್ತೆ. ಆಯಮ್ಮನ ತಲೆಯಲ್ಲಿರೋದನ್ನು ಅಳಿಸಿ ಅಂತ ಇನ್ನೂ ಯಾವ ಆರ್ಡರೂ ಬಂದಿಲ್ಲ.

೩. ಬಾಯಲ್ಲಿ ಏನಂದ

ಮೇಷ್ಟ್ರಿಗೆ ಉಪದೇಶ ಮಾಡಿದ ನಾನೇ ದಿನಾ ಕದ್ದು ಒಂದು ನಂಬರ್ ಹೊಡೆದು ನೋಡುತ್ತಿದ್ದೆ. ನನ್ನ ಅಣ್ಣನ ಮೊಪೆಡ್ಡಿನದು.

ಅಣ್ಣ ಕಂಪಲಾಪುರದಲ್ಲಿ ಬೇಸಾಯಗಾರ. ಹೊಗೆಸೊಪ್ಪು, ರಾಗಿ. ಆರು ವರ್ಷದ ಹಿಂದೆ ಒಂದು ತಪಾಸಣೆಯಲ್ಲಿ ಅವನ ಗಾಡಿ ತಡೆದೆ. ಕಾಗದ ಇರಲಿಲ್ಲ. ಪಕ್ಕದಲ್ಲಿ ಇನ್‌ಸ್ಪೆಕ್ಟರು ನಿಂತಿದ್ದರು. ಊರವರ ಎದುರೇ ಕೇಸು ಬರೆದೆ. "ಇನ್ಮ್ಯಾಕೆ ನಂಗೆ ತಮ್ಮ ಇಲ್ಲ ಕಣ್ಲಾ" ಅಂದವನು ಮತ್ತೆ ಮಾತಾಡಲಿಲ್ಲ. ನಾನೂ ಬಿಗಿದುಕೊಂಡೆ.

ಅಂಥವನು ಒಂದು ಸೋಮವಾರ ನನ್ನ ಪರದೆ ಮೇಲೆ ಬಿದ್ದ. ಆಮೇಲೆ ಗುರುವಾರ. ಹಾಗೇ ಪ್ರತಿ ವಾರ. ಬೆಳಿಗ್ಗೆ ಬರುವುದು, ಸಂಜೆ ಹೋಗುವುದು. ಹೋಗುವಾಗ ಕ್ಯಾಮೆರಾ ಹತ್ತಿರ ಬಂದು ಗಾಡಿ ನಿಲ್ಲಿಸುತ್ತಿದ್ದ, ಹೆಲ್ಮೆಟ್ ತೆಗೆದು ಹ್ಯಾಂಡಲಿಗೆ ಸಿಕ್ಕಿಸುತ್ತಿದ್ದ, ತಲೆ ಎತ್ತಿ ಏನೋ ಅನ್ನುತ್ತಿದ್ದ, ಮತ್ತೆ ಹೊರಡುತ್ತಿದ್ದ. ಕ್ಯಾಮೆರಾ ಕಂಡರೆ ತಾಲ್ಲೂಕಿಗೆ ತಾಲ್ಲೂಕೇ ಹೆಲ್ಮೆಟ್ ಹಾಕಿಕೊಳ್ಳುತ್ತೆ. ಇವನೊಬ್ಬ ತೆಗೆಯುತ್ತಾನೆ. ನನ್ನನ್ನು ಅಣಕಿಸೋಕೇ ಮಾಡುತ್ತಿದ್ದಾನೆ ಅಂತ ಮೈ ಉರಿದುಹೋಯಿತು. ಪ್ರತಿ ಸಲ 'ಹೌದು' ಒತ್ತಿದೆ. ಒಂದನ್ನೂ ಬಿಡಲಿಲ್ಲ.

ಯಾಕೆ ಬರುತ್ತಾನೆ? ಬಂದ ಟೈಮು ಸೆಕೆಂಡಿನ ಲೆಕ್ಕದಲ್ಲಿ ನನಗೆ ಗೊತ್ತು, ಯಾಕೆ ಅನ್ನೋದು ಮಾತ್ರ ಯಂತ್ರದಲ್ಲಿ ಇರಲಿಲ್ಲ. ನನ್ನ ಮೇಲೆ ದಾವೆ ಹಾಕಲು ವಕೀಲರ ಹತ್ತಿರ ಓಡಾಡುತ್ತಿದ್ದಾನೆ ಅಂತ ನಾನೇ ತೀರ್ಮಾನ ಮಾಡಿ, ಜಮೀನಿನ ಹಳೇ ಪತ್ರಗಳನ್ನೆಲ್ಲ ಜೋಡಿಸಿಟ್ಟುಕೊಂಡೆ.

ಏನಂತಾನೆ ಅಂತ ತಿಳಿಯೋಣ ಅಂದರೆ ಕ್ಯಾಮೆರಾಕ್ಕೆ ಕಿವಿ ಇಲ್ಲ. ನಮ್ಮ ರೂಮಿನ ಮಹಿಳಾ ಪೇದೆ ಆ ವಿಡಿಯೋ ಹತ್ತು ಸಲ ತಿರುಗಿಸಿ, ಅವನ ತುಟಿ ನೋಡಿ ನೋಡಿ, ಕೊನೆಗೆ ಹೆದರಿಕೊಂಡೇ ಹೇಳಿದಳು: "ಓ... ಕತ್ತೆ ನೀನು ಅಂದಂಗಿದೆ ಸಾರ್."

೪. ಟೀ ಅಕ್ಕ ಹೇಳದೆ ಬಿಟ್ಟದ್ದು

ಒಂದು ಗುರುವಾರ ಅವನು ಬರಲಿಲ್ಲ. ಸೋಮವಾರವೂ ಇಲ್ಲ. ಗಾಡಿ ಕೆಟ್ಟಿರಬೇಕು ಅಂದುಕೊಂಡೆ. ಮುಂದಿನ ಗುರುವಾರವೂ ಬರಲಿಲ್ಲ. ಟೀ ಕುಡಿಯುವ ನೆಪದಲ್ಲಿ ಗಾಡಿ ತಗೊಂಡು ಕಂಬದ ಹತ್ತಿರ ಹೋದೆ. ಹೆಲ್ಮೆಟ್ ಬೆಂಚಿನ ಮೇಲಿಟ್ಟು, ಮೊಪೆಡ್ಡಿನವರೊಬ್ಬರು ಬರ್ತಿದ್ದರಲ್ಲ ಅಂದೆ. ಟೀ ಅಕ್ಕ ಸೋಸೋದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಡಯಾಲಿಸಿಸ್‌ಗೆ ಬತ್ತಿದ್ರು ಸಾ. ಎರಡೂ ಕಿಡ್ನಿ ಹೋಗಿದ್ವಂತೆ."

ಆಸ್ಪತ್ರೆ ನಮ್ಮ ಠಾಣೆಯಿಂದ ಕೂಗಳತೆ ದೂರ. ಅಳಿಯನ ಚಟ್ನಿವರೆಗೆ ಊರಿಗೆಲ್ಲ ಹೇಳೋ ನೀನು ನನಗ್ಯಾಕೆ ಇದನ್ನ ಹೇಳಲಿಲ್ಲ ಅಂತ ರೇಗಿದೆ. ಅವಳು ಹೆದರಲಿಲ್ಲ. ಕಂಡಿದ್ದನ್ನ ಹೇಳೋದು ಬೇರೆ, ನಂಬಿ ಹೇಳಿದ್ದನ್ನ ಹೇಳೋದು ಬೇರೆ ಅಂದಳು. ತಮ್ಮಂಗೆ ತಿಳಿದರೆ ಗಾಬರಿ ಬೀಳ್ತಾನೆ, ಹೇಳಬೇಡ ಕಣವ್ವ ಅಂತ ಅಣ್ಣ ಮಾತು ತಗೊಂಡಿದ್ದನಂತೆ.

"ಹೆಲ್ಮೆಟ್ ಯಾಕೆ ತೆಗೀತಿದ್ದ?"

"ನಾನೂ ಬೈದೆ ಸಾ, ದಂಡ ಬೀಳ್ತದೆ ಅಂತ. ಹಾಕ್ಕಂಡ್ರೆ ಮಖ ಕಾಣಾಕಿಲ್ಲ ಕಣವ್ವ, ಒಳಗೆ ನನ್ ತಮ್ಮ ಕುಂತವ್ನೆ, ನೋಡ್ಲಿ ಅಂದ್ರು. ಓಗ್ಬತ್ತೀನಿ ಕಣ್ಲಾ ಅಂತ ಮ್ಯಾಕೆ ನೋಡಿ ಹೇಳ್ಬುಟ್ಟು ಓಯ್ತಿದ್ರು. ಅಷ್ಟೇಯ."

ಟೀ ಅಲ್ಲೇ ಬಿಟ್ಟು ಕಂಪಲಾಪುರಕ್ಕೆ ಗಾಡಿ ಓಡಿಸಿದೆ. ದಾರಿಯುದ್ದಕ್ಕೂ ಅಣ್ಣ, ಅಣ್ಣ ಅಂತಲೇ ಹೋದೆ. ಮನೆ ಮುಂದೆ ಜನ ನಿಂತಿದ್ದರು. ಅರ್ಧ ಗಂಟೆ ಹಿಂದೆ ಪ್ರಾಣ ಹೋಗಿತ್ತು. ಅತ್ತಿಗೆ ನನಗೆ ಫೋನ್ ಮಾಡಿದ್ದರಂತೆ, ಗಾಡಿ ಸದ್ದಿಗೆ ಕೇಳಿಸಿರಲಿಲ್ಲ. ಅವನ ಕಾಲ ಹತ್ತಿರ ಕೂತು ಅತ್ತೆ. ಆರು ವರ್ಷದ್ದೂ ಸೇರಿಸಿ ಅತ್ತೆ.

ಮೂರನೇ ದಿನ ನನ್ನ ಮನೆಗೊಂದು ನೋಟಿಸು ಬಂತು. ಹೆಲ್ಮೆಟ್ ಟೀ ಅಂಗಡಿಯ ಬೆಂಚಿನ ಮೇಲೇ ಉಳಿದಿತ್ತು. ಮುಖ ನೋಡದೆ 'ಹೌದು' ಒತ್ತಿದವಳು ನಮ್ಮ ಪೇದೆ. ಯಾರ ಹತ್ತಿರ ಕೆಲಸ ಕಲಿತಿದ್ದಾಳೆ ಅಂತ ಗೊತ್ತಿರೋದರಿಂದ ನಾನು ಬಾಯಿ ಬಿಡಲಿಲ್ಲ.

೫. ತೆಗೆದವರು ಯಾರು

ಹನ್ನೊಂದನೇ ದಿನ ಶಿವಗಣಾರಾಧನೆ. ಒಳಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಅಣ್ಣನ ದೊಡ್ಡ ಫೋಟೋ, ಹಣೆಗೆ ವಿಭೂತಿ, ಹೂವಿನ ಹಾರ. ತಲೆ ಎತ್ತಿ ನಗುತ್ತಾ ನೋಡುತ್ತಿದ್ದಾನೆ, ಬಾಯಿ ಅರ್ಧ ತೆರೆದಿದೆ. ಬದುಕಿರುವಾಗ ಅವನು ಸ್ಟುಡಿಯೋ ಮೆಟ್ಟಿಲು ಹತ್ತಿದವನಲ್ಲ. ನಾನು ಕಳಿಸಿದ ನೋಟಿಸುಗಳನ್ನೆಲ್ಲ ಒಂದೂ ಬಿಡದೆ ಟ್ರಂಕಿನಲ್ಲಿ ಜೋಪಾನ ಮಾಡಿದ್ದನಂತೆ. ಅದರಲ್ಲೇ ಚೆನ್ನಾಗಿರೋದನ್ನು ಆರಿಸಿ ಅತ್ತಿಗೆ ದೊಡ್ಡದು ಮಾಡಿಸಿದ್ದರು.

ಸ್ಟುಡಿಯೋದವನು ಕೆಳಗಿನ ಸಾಲು ಕತ್ತರಿಸಲು ಮರೆತಿದ್ದ. ಕಣ್ಣು ಮಂಜಾದ ಅಜ್ಜರೊಬ್ಬರು ಅದು ಯಾವುದೋ ವಚನ ಇರಬೇಕು ಅಂತ, ಓದಿ ಹೇಳಪ್ಪ ಅಂದರು. ಮನೆ ತುಂಬ ಜನ. ನಾನು ಗಂಟಲು ಸರಿಮಾಡಿಕೊಂಡು ಓದಿದೆ:

"ಅಪರಾಧ: ಹೆಲ್ಮೆಟ್ ಧರಿಸಿಲ್ಲ."

ಮೊದಲು ನಕ್ಕಿದ್ದು ಅತ್ತಿಗೆ. ಆಮೇಲೆ ಇಡೀ ಮನೆ. ನಾನೂ ನಕ್ಕೆ, ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ.

ಅಜ್ಜ ಮಾತ್ರ ಫೋಟೋದಿಂದ ಕಣ್ಣು ತೆಗೆಯಲಿಲ್ಲ. "ಅದಿರ್ಲಿ ಬುಡವ್ವ. ಎಷ್ಟು ಚೆಂದಾಗಿ ಬಂದದೆ. ತೆಗೆದೋರು ಯಾರು?"

ಅತ್ತಿಗೆ ನನ್ನ ಕಡೆ ನೋಡಿದರು.

"ಇನ್ಯಾರು, ಅವರ ತಮ್ಮ."