ಬಿಚ್ಚಿ ಜೋಡಿಸುವ ಮನೆ

ಭೂಮಿಯನ್ನು ಸುತ್ತುತ್ತಲೇ ಜನ ಸಂಸಾರ ಹೂಡುವಂಥ ಅಂತರಿಕ್ಷ ನಿಲ್ದಾಣದ ನಕ್ಷೆ ಮುಗಿಸಿದ ಇಂಜಿನಿಯರರಿಗೆ ಸಮಿತಿಯ ಅಧ್ಯಕ್ಷರು ಒಂದು ಮಾತು ಹೇಳಿದರು: "ಗುರುತು ಪರಿಚಯ ಇಲ್ಲದೋರು ಒಂದು ದಿನ ಹಲ್ಲು ಕಚ್ಕೊಂಡು ಇದ್ದುಬಿಡ್ತಾರೆ. ಒಂದೇ ಮನೆಯವರನ್ನ ನಿಲ್ದಾಣದ ಮಾದರಿಯೊಳಗೆ ಒಂದು ದಿನ ಇರಿಸಿ ತೋರಿಸಿ."

"ನಮ್ಮ ಮನೆಯವರೇ ಇದ್ದಾರಲ್ಲ ಸಾರ್," ಎಂದು ಇಂಜಿನಿಯರರು ಎದೆ ತಟ್ಟಿಕೊಂಡರು. ಎಡವಿದ್ದು ಅಲ್ಲೇ.

ಷರತ್ತು ಎರಡು. ಸಂಜೆ ಸಮಿತಿ ಬರುವಾಗ ಮಾದರಿಯ ಕೋಣೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರಬೇಕು. ಆಮೇಲೆ ಮನೆಯವರೇ ಒಂದು ಕೋಣೆಯನ್ನು ನಿಮಿಷದೊಳಗೆ ಬಿಚ್ಚಿ ತೋರಿಸಬೇಕು. ಇಂಜಿನಿಯರರು ಕೈ ಹಾಕುವಂತಿಲ್ಲ. ಮೇಲೆ ಆಕಾಶದಲ್ಲಿ ಒಂದು ಕೋಣೆಗೆ ಬೆಂಕಿ ಬಿದ್ದರೆ ಜೀವ ಉಳಿಸುವುದು ಹಾಗೆ ಬಿಚ್ಚುವುದೇ. ಗೆದ್ದರೆ ವರ್ಷಗಟ್ಟಲೆಯ ದುಡಿಮೆ ಆಕಾಶಕ್ಕೆ, ಸೋತರೆ ಗುಜರಿಗೆ.

ಬೆಳಿಗ್ಗೆ ಕಾರ್ಯಾಗಾರದಲ್ಲಿ ಮೋಟಾರು ಗಾಲಿಗಳ ಮೇಲೆ ನಿಂತಿದ್ದ ಮಾದರಿಯೊಳಕ್ಕೆ ಹೆಂಡತಿ, ಅತ್ತೆ, ಭಾವಮೈದುನ ಮೂವರನ್ನೂ ಹತ್ತಿಸಿ, "ಈ ಹಿಡಿ ತಿರುಗಿಸಿದ್ರೆ ಕೋಣೆ ಬೇರೆ ಆಗುತ್ತೆ, ಮತ್ತೆ ತಿರುಗಿಸಿದ್ರೆ ಕೂಡ್ಕೊಳ್ಳುತ್ತೆ, ಅಷ್ಟೇ," ಎಂದು ಹೆಮ್ಮೆಯಿಂದ ತೋರಿಸಿದರು.

ತಿಂಡಿ ಮುಗಿಯುವ ಮೊದಲೇ ಭಾವಮೈದುನ ಉಪ್ಪು ಕಮ್ಮಿ ಎಂದ. ಅತ್ತೆ ಮರುಮಾತಾಡದೆ ಹಿಡಿ ತಿರುಗಿಸಿ, ಅಡುಗೆ ಕೋಣೆಯ ಸಮೇತ ಗೋಡೆ ಪಕ್ಕಕ್ಕೆ ಹೊರಟುಹೋದರು. ಭಾವಮೈದುನ ತಾನೇನು ಕಮ್ಮಿ ಎಂದು ಸ್ನಾನದ ಕೋಣೆ ಬಿಚ್ಚಿಕೊಂಡು ಎದುರು ಮೂಲೆ ಸೇರಿದ. ಅಮ್ಮನಿಗೆ ಎದುರಾಡಿದವನ ಮುಖ ನೋಡಲಾರೆನೆಂದು ಹೆಂಡತಿ ಮಲಗುವ ಕೋಣೆಯೊಡನೆ ಬಾಗಿಲ ಬಳಿ ಹೋದಳು. ನಡುಕೋಣೆಯಲ್ಲಿ ಇಂಜಿನಿಯರರು ಒಬ್ಬರೇ ಉಳಿದರು.

"ಬಿಚ್ಚೋ ಪರೀಕ್ಷೆ ಪಾಸಾಯ್ತು ಬಿಡಿ ಸಾರ್," ಎಂದು ಸಹೋದ್ಯೋಗಿಯೊಬ್ಬ ಕಿಟಕಿಯಾಚೆಯಿಂದ ಕಿಚಾಯಿಸಿದ.

ಇಂಜಿನಿಯರರು ಎದೆಗುಂದುವ ಪೈಕಿಯಲ್ಲ. ಕೋಣೆಯಿಂದ ಕೋಣೆಗೆ ಓಡಾಡಿ, ಅತ್ತೆಯ ಕೈರುಚಿ ಹೊಗಳಿ, ಭಾವಮೈದುನನ ಗಲ್ಲ ಹಿಡಿದು, ಹೆಂಡತಿಯ ಮುಂದೆ ಕೈಮುಗಿದು, ಕೊನೆಗೆ ಮೂವರನ್ನೂ ಒಂದೆಡೆ ಸೇರಿಸಿದರು. "ಮನೆ ಅಂದ್ಮೇಲೆ ಕೂಡಿ ಬಾಳ್ಬೇಕು. ಇನ್ಮೇಲೆ ಯಾರೂ ಹಿಡಿ ಮುಟ್ಟಕೂಡ್ದು, ನನ್ನಾಣೆ."

ಅತ್ತೆಯ ಕಣ್ಣು ತುಂಬಿತು. ಕೋಣೆಗಳು ಕೂಡಿಕೊಂಡವು.

ಸಂಜೆ ಸಮಿತಿ ಬಂತು. ಅಧ್ಯಕ್ಷರು ತಲೆದೂಗಿ, "ಭೇಷ್. ಈಗ ಅಡುಗೆ ಕೋಣೆ ಬಿಚ್ಚಿಸಿ," ಎಂದರು. ಬೆಳಿಗ್ಗೆಯಿಂದ ಇವರು ಬೇರೇನು ಮಾಡಿದ್ದಾರೆ ಎಂದು ಇಂಜಿನಿಯರರು ಒಳಗೊಳಗೇ ನಕ್ಕು, "ಅತ್ತೆ, ತಿರುಗಿಸಿ," ಎಂದರು.

ಅತ್ತೆ ಹಿಡಿಗೆ ಬೆನ್ನು ಕೊಟ್ಟು ನಿಂತರು. "ಆಗಲ್ಲ ಅಳಿಯಂದ್ರೇ. ಈಗ ತಾನೆ ಒಂದಾಗಿದ್ದೀವಿ."

"ಭಾವ, ಆಣೆ ಮುರಿಯೋದಾ?" ಎಂದ ಭಾವಮೈದುನ.

"ರೀ, ಕೂಡಿಸಿದೋರೇ ಮನೆ ಒಡೀತೀರಾ?" ಎಂದಳು ಹೆಂಡತಿ.

ನಿಮಿಷ ಕಳೆದೇ ಹೋಯಿತು. "ಒಗ್ಗಟ್ಟು ಚೆನ್ನಾಗಿದೆ," ಎಂದರು ಅಧ್ಯಕ್ಷರು. "ಬೆಂಕಿ ಬಿದ್ರೆ ಒಗ್ಗಟ್ಟಾಗೇ ಸಾಯ್ತಾರೆ." ನಕ್ಷೆ ವಾಪಸು ಕೊಟ್ಟು ಹೊರಟರು.

ಆಗ ಇಂಜಿನಿಯರರಿಗೆ ಮೊದಲ ಬಾರಿ ತಾವೇ ಒಂದು ಕೋಣೆ ಬಿಚ್ಚಿಕೊಂಡು ದೂರ ಹೋಗಬೇಕೆನಿಸಿತು. ಅತ್ತೆ ಹಿಡಿ ಬಿಟ್ಟು ಕದಲಲಿಲ್ಲ.