ಕೌದಿ ಗೋಡೆಯ ಸ್ಟುಡಿಯೋಗೆ ಒಂದು ಕಂಪ್ರೆಸರ್

ಬಾಗಿಲಿಗೆ 'ಸ್ಟುಡಿಯೋ' ಅಂತ ಬೋರ್ಡು ಹಾಕಿದ ಮೇಲೆ ಮನುಷ್ಯ ಗಂಭೀರವಾಗುತ್ತಾನೆ ಅಂತ ನಾನು ತಿಳಿದಿದ್ದೆ. ಹಾಕಿ ಏಳು ವರ್ಷವಾಯಿತು. ವಾರಕ್ಕೊಬ್ಬರಾದರೂ ಬಂದು ನಗಿಸಿ ಹೋಗುತ್ತಾರೆ. ಯಾರೂ ಬರದ ವಾರ ನಾನೇ ಏನಾದರೂ ಎಡವಟ್ಟು ಮಾಡಿರುತ್ತೇನೆ.

ನನ್ನದು ಕೊಟ್ಟೂರಿನಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ. ಮೊದಲು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಈಗ ಭಜನೆ, ಸೋಬಾನೆ ಪದ, ಶಾಲೆ ಮಕ್ಕಳ ಹಾಡು ರೆಕಾರ್ಡ್ ಮಾಡಿಕೊಡುತ್ತೇನೆ. ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದು ಅಂತ ಅತ್ತೆ ಹೊಲಿದುಕೊಟ್ಟ ಎಂಟು ಕೌದಿಗಳನ್ನು ಸುತ್ತಲೂ ತೂಗುಹಾಕಿದ್ದೇನೆ. ಅತ್ತೆ ಮೊದಲ ಸಲ ನೋಡಿದಾಗ ಒಂದೊಂದೇ ಕೌದಿ ಮುಟ್ಟಿ, "ಮೊಮ್ಮಕ್ಕಳಿಗೆ ಹೊಚ್ಚಲಿ ಅಂತ ಕೊಟ್ರ, ಗ್ವಾಡಿಗೆ ಹೊಚ್ಚ್ಯಾನ ನೋಡು ಅಳಿಯ" ಅಂದಿದ್ದರು.

ಈಗ ಹೇಳುತ್ತಿರುವುದೆಲ್ಲ ಒಂದು ಕಂಪ್ರೆಸರ್ ಆರಿಸಲು ಹೋಗಿ ಆದದ್ದು. ರೆಕಾರ್ಡ್ ಆದ ಹಾಡನ್ನು, ಮಗುವಿಗೆ ಮುಖ ತೊಳೆದು ತಲೆ ಬಾಚಿ ಶಾಲೆಗೆ ಕಳಿಸಿದ ಹಾಗೆ, ಕೊನೆಯದಾಗಿ ಒಪ್ಪ ಮಾಡಿ ಹೊರಗೆ ಬಿಡಬೇಕು. ಅದಕ್ಕೆ ಮಾಸ್ಟರಿಂಗ್ ಅನ್ನುತ್ತಾರೆ. ಆ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಕಂಪ್ರೆಸರ್. ಜೋರಾದ ಸದ್ದನ್ನು ತಗ್ಗಿಸಿ, ಮೆಲ್ಲನೆಯದನ್ನು ಎತ್ತಿ, ಹಾಡನ್ನು ಒಂದು ಹದಕ್ಕೆ ತರುತ್ತದೆ. ದೊಡ್ಡ ಊರಿನವರ ಹತ್ತಿರ ಅದೊಂದು ಪೆಟ್ಟಿಗೆ. ನಮ್ಮಂಥವರಿಗೆ ಕಂಪ್ಯೂಟರಿನೊಳಗೆ ಕೂತು ಅದೇ ಕೆಲಸ ಮಾಡುವ ಸಾಫ್ಟ್‌ವೇರು, ಪ್ಲಗಿನ್ ಅಂತ ಅದರ ಹೆಸರು. ಬಿಟ್ಟಿ ಸಿಗುವುವೂ ಇವೆ, ಬೆಲೆ ನೋಡಿ ಕಂಪ್ಯೂಟರ್ ಮುಚ್ಚಬೇಕಾದವೂ ಇವೆ. ನನ್ನ ದುಡ್ಡಿಗೆ ಒಂದನ್ನು ಮಾತ್ರ ಕೊಳ್ಳಬಹುದಿತ್ತು. ಆದ್ದರಿಂದ ಆಯ್ಕೆ ತಪ್ಪುವ ಹಾಗಿರಲಿಲ್ಲ.

ಪಂಕ್ಚರ್ ಅಣ್ಣ

ಗಿರಣಿಯ ಎದುರಿಗೆ ಪಂಕ್ಚರ್ ಅಂಗಡಿ. ಒಂದು ದಿನ ಚಹಾ ಕುಡಿಯುತ್ತ ಆ ಅಣ್ಣನ ಮುಂದೆ, "ಒಂದು ಚಲೋ ಕಂಪ್ರೆಸರ್ ಇಲ್ದ ಕೆಲ್ಸ ನಿಂತೈತಣ್ಣ" ಅಂದೆ. ಅವನು ಚಹಾದ ಲೋಟ ಇಟ್ಟು ಮತ್ತೆ ಟ್ಯೂಬಿಗೆ ಕೈ ಹಾಕಿದ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ದಡಬಡ ಸದ್ದು. ಬಾಗಿಲು ತೆಗೆದರೆ ಅವನೂ ಗಿರಣಿಯವನೂ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಟ್ಯಾಂಕನ್ನು, ಮೋಟಾರು ಚಕ್ರ ಸಮೇತ, ಹೊತ್ತು ನಿಂತಿದ್ದಾರೆ. "ಹಳೇದು ಐತ್ರಿ, ಆದ್ರ ಮೋಟಾರ್ ಗಟ್ಟಿ ಐತಿ. ನಿಮ್ಮ ಕೆಲ್ಸ ಮುಗಿಯೋತನಕ ಇಟ್ಕೋರ್ರಿ" ಅಂದ. ಬೆವರು ಇಳಿಯುತ್ತಿತ್ತು. ನನಗೆ ಬಂದ ನಗುವನ್ನು ನುಂಗಿ, ಟ್ಯಾಂಕನ್ನು ಕೆಳಗಿಡಲು ಕೈ ಕೊಟ್ಟೆ.

ಕೂರಿಸಿ, ನೀರು ಕೊಟ್ಟು, ನನಗೆ ಬೇಕಾದ ಕಂಪ್ರೆಸರ್ ಏನು ಮಾಡುತ್ತದೆ ಅಂತ ವಿವರಿಸಿದೆ. ಅವನು ಗಮನವಿಟ್ಟು ಕೇಳಿದ. ಆಮೇಲೆ ಹೇಳಿದ: "ಹಂಗಾರ ಇದು ನಮ್ಮವ್ವ ಮಾಡೋ ಕೆಲ್ಸ ಬಿಡ್ರಿ. ನಾವು ಆರು ಮಂದಿ ಅಣ್ತಮ್ಮರು. ಉಣ್ಣಾಕ ಕುಂತ್ರ ಗದ್ಲ. ಕೂಗೋರನ್ನ ಒಂದ ಮಾತಿಗೆ ಸುಮ್ನ ಕುಂದ್ರಸಾಕಿ. ಆಮ್ಯಾಲೆ ಮೂಲ್ಯಾಗ ಕುಂತ ಸಣ್ಣಾವನ್ನ, 'ನೀ ಏನಂತೀಯಪ್ಪ' ಅಂತ ಕೇಳಾಕಿ. ಆ ಸಣ್ಣಾವ ನಾನ."

ಇಂಟರ್ನೆಟ್ಟಿನಲ್ಲಿ ಎಷ್ಟೋ ಜನ ತಜ್ಞರ ವಿವರಣೆ ಓದಿದ್ದೆ. ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಅವನು ಹೇಳಿದ್ದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡೆ. ನಾನು ಇನ್ನೂ ಚಿಂತೆಯಲ್ಲಿದ್ದೇನೆ ಅಂದುಕೊಂಡನೋ ಏನೋ, ಟ್ಯಾಂಕು ಇಳಿಸುತ್ತ ಮೆಟ್ಟಿಲಿನಿಂದಲೇ ಹೇಳಿದ: "ಅವ್ವ ಇನ್ನೂ ಗಟ್ಟಿ ಅದಾಳ್ರಿ. ಬೇಕಂದ್ರ ನಾಳಿಂದ ಕಳಸ್ತೀನಿ. ಚಾ ಒಂದು ಜಾಸ್ತಿ ಬೇಕಾಗತೈತಿ, ಅಷ್ಟ."

ಜೇನಿನಂಥ ಸದ್ದು

ಹುಡುಕಿ ಹುಡುಕಿ ಮೂರು ಪ್ಲಗಿನ್ನುಗಳಿಗೆ ಬಂದು ನಿಂತೆ. ಒಂದು ಬಿಟ್ಟಿಯದು, ಎರಡು ಕೆಲವು ದಿನ ಬಳಸಿ ನೋಡಿ ಆಮೇಲೆ ಕೊಳ್ಳುವಂಥವು. ತೀರ್ಪು ಕೊಡಲು ಹೆಂಡತಿಯನ್ನು ಕರೆದೆ. ಅವಳು ಅಂಗನವಾಡಿಯಲ್ಲಿ ಕಲಿಸುತ್ತಾಳೆ. ಮೂವತ್ತು ಮಕ್ಕಳ ಗದ್ದಲದಲ್ಲಿ ಬೆನ್ನು ತಿರುಗಿಸಿ ನಿಂತು, ಅಳುತ್ತಿರುವುದು ಯಾವ ಕೂಸು ಅಂತ ಹೇಳುವ ಕಿವಿ ಅವಳದು.

ಕಣ್ಣು ಮುಚ್ಚಿ ಕೂರಿಸಿ, ಒಂದೇ ಹಾಡನ್ನು ಮೂರು ಪ್ಲಗಿನ್ನಿನಲ್ಲೂ ಕೇಳಿಸಿದೆ. ಅವಳಿಗೆ ಅನುಕೂಲವಾಗಲಿ ಅಂತ ನಾನೇ ವಿವರಿಸುತ್ತಲೂ ಇದ್ದೆ. "ಇದು ನೋಡು, ಜೇನು ಹುಯ್ದಂಗ. ಇದು ಸ್ವಲ್ಪ ಒರಟು, ಆದ್ರ ತಾಕತ್ತು ಐತಿ. ಮೂರನೇದಕ್ಕ ಉಸಿರು ಐತಿ, ಗೊತ್ತಾತ?"

"ಇನ್ನೊಮ್ಮೆ ಹಾಕ್ರಿ" ಅಂದಳು. ಹಾಕಿದೆ. "ಮೂರೂ ಒಂದ ಅದಾವಲ್ರಿ."

"ಕಿವಿ ಪಳಗಬೇಕು, ಒಂದ ದಿನಕ್ಕ ಆಗಂಗಿಲ್ಲ" ಅಂತ ಸಮಾಧಾನ ಹೇಳಿದೆ. ಅವಳು ಎದ್ದು ಬಂದು ಪರದೆ ನೋಡಿ, "ಈ ಮೂರರ ಮ್ಯಾಲೂ ಗುಂಡಿ ಕೆಂಪಗ ಐತಲ್ರಿ, ಯಾಕ?" ಅಂದಳು.

ಗುಂಡಿ ಕೆಂಪಗಿದ್ದರೆ ಪ್ಲಗಿನ್ ಬಂದ್ ಆಗಿದೆ ಅಂತ ಅರ್ಥ. ಮೂರೂ ಬಂದ್ ಆಗಿದ್ದವು. ಅರ್ಧ ಗಂಟೆಯಿಂದ ನಾನು ಹುಯ್ಯುತ್ತಿದ್ದ ಜೇನು ಯಾವ ಹುಟ್ಟಿನದೋ ದೇವರಿಗೇ ಗೊತ್ತು. ಅವಳು ನಗಲಿಲ್ಲ, ಅದು ಅವಳ ದೊಡ್ಡತನ. ಸೆರಗು ಸರಿಮಾಡಿಕೊಂಡು ಹೊರಡುವಾಗ ಇಷ್ಟೇ ಅಂದಳು: "ಸಾರಿಗೆ ಉಪ್ಪು ಕಮ್ಮಿ ಅಂತ ದಿನಾ ಹೇಳ್ತೀರಲ್ರಿ, ಇವತ್ತಿಂದ ನಾ ಅದನ್ನ ನಂಬಂಗಿಲ್ಲ."

ಉಸಿರಿಗೆ ಜಾಗ

ಕೆಂಪು ಗುಂಡಿ ಒತ್ತಿ ನೋಡಿದ ಮೇಲೆ ಆ ಮೂರರಲ್ಲಿ ಒಂದು ನಿಜಕ್ಕೂ ಚಲೋ ಅನ್ನಿಸಿತು. ಅದೇ ವಾರ ಹಿರೇಹಡಗಲಿಯಿಂದ ಎಂಟು ಜನ ಹೆಣ್ಣುಮಕ್ಕಳ ಭಜನಾ ಮಂಡಳಿ ಬಂದಿತ್ತು. ಮುಂದೆ ನಿಂತು ಹಾಡುವವಳು ಮಲ್ಲಿಗೆ ಕಟ್ಟಿ ಮಾರುವ ಅಜ್ಜಿ. ಅವರ ಹಾಡಿಗೆ ಈ ಪ್ಲಗಿನ್ ಹಾಕಿ, ಮೊದಲ ಅರ್ಧ ನಿಮಿಷ ಕೇಳಿ, ಖುಷಿಯಾಗಿ ಅವರ ಫೋನಿಗೆ ಕಳಿಸಿಬಿಟ್ಟೆ.

ಕೊಳ್ಳದೆ ಬಳಸಿದರೆ ಆ ಪ್ಲಗಿನ್ ನಿಮಿಷಕ್ಕೊಮ್ಮೆ ಎರಡು ಸೆಕೆಂಡು ಸದ್ದನ್ನೇ ಕತ್ತರಿಸುತ್ತದೆ ಅನ್ನುವುದು ನನಗೆ ವಾರದ ಮೇಲೆ ಗೊತ್ತಾಯಿತು. ಹಾಡನ್ನು ಬಿಟ್ಟಿ ಪ್ಲಗಿನ್ನಿನಲ್ಲಿ ಮತ್ತೆ ಮಾಡಿ, ಖುದ್ದಾಗಿ ತಪ್ಪೊಪ್ಪಿಕೊಳ್ಳೋಣ ಅಂತ ಬಸ್ಸು ಹತ್ತಿದೆ.

ಹೋದಾಗ ಅವರು ಕಟ್ಟೆಯ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದರು. ಒಂದು ನಿಮಿಷ ಹಾಡಿದರು. ತಾಳ ಸಮೇತ ಎಂಟೂ ಜನ ಗಪ್ಪನೆ ನಿಂತರು. ಉಸಿರು ತಗೊಂಡರು. ಒಟ್ಟಿಗೇ ಮತ್ತೆ ಎತ್ತಿಕೊಂಡರು. ಒಬ್ಬರೂ ಹಿಂದೆ ಮುಂದೆ ಆಗಲಿಲ್ಲ. ನನ್ನ ತಪ್ಪನ್ನು ಅವರು ಅಕ್ಷರ ಬಿಡದೆ ಬಾಯಿಪಾಠ ಮಾಡಿದ್ದರು.

ಅಜ್ಜಿ ನನ್ನ ಕೈ ಹಿಡಿದು ಹೇಳಿದಳು: "ಎಷ್ಟು ತಿಳಿದು ಮಾಡೀಯಪ್ಪ. ನಲವತ್ತು ವರ್ಷದಿಂದ ಹಾಡ್ತೀನಿ. ವಯಸ್ಸಾದೋರು ಅದಾರ, ನಡುವ ಒಂದೀಟು ದಣಿವು ಆರಿಸ್ಕೊಳ್ಳಲಿ ಅಂತ ಯಾರಿಗೂ ಅನಿಸಿರಲಿಲ್ಲ."

ಆದರೂ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಡೆದದ್ದು ಹೇಳಿ ಸರಿಮಾಡಿದ ಹಾಡು ಕೇಳಿಸಿದೆ. ಪೂರಾ ಕೇಳಿ ಅಜ್ಜಿ ತಲೆಯಾಡಿಸಿದಳು. "ಇದರಾಗ ಏನೋ ಕೆಟ್ಟೈತಿ ನೋಡು. ನಡುವ ನಿಂದ್ರವಲ್ದು."

ಈಗಲೂ ಅವರು ಹಾಗೇ ಹಾಡುತ್ತಾರೆ. ಆ ಎರಡು ಸೆಕೆಂಡಿನಲ್ಲಿ ಹಾಡು ಮುಗಿಯಿತು ಅಂದುಕೊಂಡು ಕೂತವರು ಚಪ್ಪಾಳೆ ಹೊಡೆಯುತ್ತಾರಂತೆ. ಒಂದೇ ಹಾಡಿಗೆ ಐದು ಸಲ ಚಪ್ಪಾಳೆ ಬೀಳುವ ಭಜನಾ ಮಂಡಳಿ ಹಡಗಲಿ ತಾಲೂಕಿನಲ್ಲಿ ಇನ್ನೊಂದಿಲ್ಲ.

ಆಟೋದವನ ತೀರ್ಪು

ಒಳ್ಳೆಯ ಮಾಸ್ಟರಿಂಗ್ ಆದ ಹಾಡು ಎಲ್ಲಿ ಹಾಕಿದರೂ ಚೆನ್ನಾಗಿ ಕೇಳಬೇಕು. ಕೂಡ್ಲಿಗಿ ರಸ್ತೆಯಲ್ಲಿ ಓಡಾಡುವ ಒಂದು ಆಟೋದಲ್ಲಿ ಸೀಟಿನ ಕೆಳಗೆ ಎರಡು, ಬೆನ್ನ ಹಿಂದೆ ಎರಡು ಸ್ಪೀಕರ್ ಇವೆ. ಉಳಿದ ಎರಡು ಪ್ಲಗಿನ್ನಿನಲ್ಲಿ, ಮೊದಲು ಬಿಟ್ಟಿಯದರಲ್ಲಿ ಆಮೇಲೆ ಕೊಳ್ಳುವಂಥದರಲ್ಲಿ, ಮಾಡಿದ ಹಾಡುಗಳನ್ನು ಆ ಆಟೋದವನಿಗೆ ಕೊಟ್ಟು, ಒಂದು ದಿನ ಹಾಕಿ ನೋಡು ಅಂದೆ. ಸಂಜೆ ಬಂದು, "ಎರಡನೇದ ತಗೋರಿ" ಅಂದ. ಯಾಕೆ ಅಂತ ಕೇಳಿದೆ.

"ಮೊದಲನೇದ್ರಾಗ ಹಾಡಿನ ನಡುವ ಹಿಂದಿನೋರ ಮಾತು ಕೇಳ್ತೈತ್ರಿ. ಎರಡನೇದ್ರಾಗ ಏನೂ ಕೇಳಂಗಿಲ್ಲ. ಇವತ್ತು ಒಬ್ರೂ ಚೌಕಾಸಿ ಮಾಡ್ಲಿಲ್ಲ. ಮಾಡಿದ್ರೋ ಏನೋ, ನನಗಂತೂ ಕೇಳಿಸ್ಲಿಲ್ಲ."

ಕೊನೆಗೆ ನಾನು ಕೊಂಡದ್ದು ಅದೇ ಎರಡನೆಯದನ್ನು. ಹೆಂಡತಿಯೂ ಒಪ್ಪಿದಳು. ಅದರ ಮೇಲೆ ಇದ್ದದ್ದು ಒಂದೇ ತಿರುಗಣೆ. ನನಗೆ ತಪ್ಪು ಮಾಡಲು ಜಾಗ ಕಮ್ಮಿ ಅಂತ ಅವಳ ಲೆಕ್ಕ.

ಡ್ರೈವರ್ ಮಾಮನ ಜೋಗುಳ

ಆ ಕಂಪ್ರೆಸರ್ ಬಂದ ಹೊಸದರಲ್ಲಿ ಹರಪನಹಳ್ಳಿಯಿಂದ ಒಬ್ಬ ನಿವೃತ್ತ ಬಸ್ ಡ್ರೈವರ್ ಬಂದರು. ಮಗಳು ಅಳಿಯನ ಜೊತೆ ಇರುವವರು. ವಯಸ್ಸಿನಲ್ಲಿ ಹಿರಿಯರು, ಬಂದ ಐದು ನಿಮಿಷಕ್ಕೇ ನನಗೆ ಮಾಮ ಆದರು. ಮೂವತ್ತು ವರ್ಷ ಇಂಜಿನ್ ಪಕ್ಕದಲ್ಲಿ ಕೂತು ಕಿವಿ ಮಂದವಾಗಿತ್ತು.

ಫೋನಿನಲ್ಲಿ ಒಂದು ಜೋಗುಳ ಇತ್ತು. ಅವರ ಹೆಂಡತಿ ಮೊಮ್ಮಗಳನ್ನು ತೂಗುತ್ತ ಹಾಡಿದ್ದು. ಬಾಗಿಲಲ್ಲಿ ನಿಂತು ಮಾಮನೇ ರೆಕಾರ್ಡ್ ಮಾಡಿದ್ದರು. ಆ ತಾಯಿ ಹೋಗಿ ಒಂದು ವರ್ಷವಾಗಿತ್ತು. "ಕೂಸು ಈ ಹಾಡಿಲ್ದೆ ಮಲಗಲ್ಲಪ್ಪ. ಆದ್ರೆ ಭಾಳ ಸಣ್ಣಗೆ ಕೇಳ್ತೈತೆ. ಸ್ವಲ್ಪ ದೊಡ್ಡದು ಮಾಡಿಕೊಡು" ಅಂದರು.

ಕಂಪ್ರೆಸರ್ ಹಾಕಿ ತಿರುಗಣೆ ತಿರುಗಿಸಿದೆ. ಮೆಲ್ಲನೆಯ ದನಿ ಮೇಲಕ್ಕೆ ಬಂತು. ಬಳೆ ಸದ್ದು, ತೊಟ್ಟಿಲ ಹಗ್ಗದ ಕಿರುಗುಟ್ಟು ಎಲ್ಲ ಬಂತು. ಎರಡು ನುಡಿ ಆದ ಮೇಲೆ ಹಾಡು ನಿಂತಿತು. ಆ ಸಂದಿಯಲ್ಲಿ, ಇಷ್ಟು ದಿನ ಯಾರಿಗೂ ಕೇಳದಿದ್ದ ಒಂದು ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು:

"ಏನು ನೋಡ್ತಾ ನಿಂತೀರಿ? ಹಾಲು ಉಕ್ಕತೈತೆ, ಹೋಗಿ ಇಳಿಸ್ರಿ. ಆ ಫೋನ್ ಒಂದು ಸಿಕ್ರೆ ಸಾಕು, ಲೋಕದ ಖಬರಿಲ್ಲ ನಿಮಗೆ."

ಆಮೇಲೆ ಮತ್ತೆ ಜೋಗುಳ, ಏನೂ ಆಗಿಲ್ಲವೆಂಬಂತೆ.

ನಾನು ಗಾಬರಿಯಿಂದ ಮಾಮನ ಮುಖ ನೋಡಿದೆ. ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. "ಇನ್ನೊಮ್ಮೆ" ಅಂದರು. ಹಾಕಿದೆ. "ಇನ್ನೊಮ್ಮೆ." ನಾಲ್ಕನೇ ಸಲಕ್ಕೆ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. "ಅವತ್ತು ನಂಗೆ ಕೇಳ್ಸಿರ್ಲಿಲ್ಲಪ್ಪ. ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಆಮೇಲೆ 'ಹೇಳಿದ್ದೆ' ಅಂತ ಆಕೆ, 'ಹೇಳಲೇ ಇಲ್ಲ' ಅಂತ ನಾನು, ಮೂರು ದಿನ ಮಾತು ಬಿಟ್ಟಿದ್ವಿ. ಪಾಪ, ಹೇಳ್ಯಾಳೆ ನೋಡು."

"ಮಾಮ, ಆ ಮಾತು ಕತ್ತರಿಸಿ ಬರೀ ಹಾಡು ಕೊಡ್ಲೇನ್ರಿ?" ಅಂದೆ.

"ಹಾಡು ಕೂಸಿಗೆ ಕೊಡು. ಮಾತು ಬೇರೆ ಮಾಡಿ ನಂಗೆ ಕೊಡು. ಫೋನ್ ಬಂದ್ರೆ ಅದೇ ಹೊಡಕೊಳ್ಳಂಗೆ ಮಾಡು."

ಹಾಗೇ ಮಾಡಿಕೊಟ್ಟೆ. ವಾರ ಕಳೆದ ಮೇಲೆ, ಕೂಸು ಮಲಗುತ್ತಿದೆಯೋ ಇಲ್ಲವೋ ಕೇಳೋಣ ಅಂತ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮೂರನೇ ಸಲವೂ ಇಲ್ಲ. ನನಗೆ ಭಯವಾಯಿತು, ವಯಸ್ಸಾದವರು. ಅವರ ಮಗಳ ನಂಬರ್ ಹುಡುಕುತ್ತಿದ್ದಾಗ ಅವರದೇ ಫೋನ್ ಬಂತು.

"ಯಾಕ್ ಮಾಮ, ಆರಾಮದೀರೇನ್ರಿ? ಮೂರು ಸಲ ಮಾಡಿದೆ, ಎತ್ತಲೇ ಇಲ್ಲ."

"ಫೋನು ಕೈಯಾಗೇ ಇತ್ತಪ್ಪ" ಅಂದರು ಮಾಮ. "ಆಕೆ ಬೈಯ್ತಾ ಇದ್ಲು. ನಡುವೆ ಹೆಂಗ್ ಬಾಯಿ ಹಾಕ್ಲಿ?"